ಬಾಗಿನ ಹೊರುವ ಟೈರು

ಟೈರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನನ್ನ ಹಳೆಯ ಜಂಬ. ಸರ್ಕಾರಿ ಬಸ್ ಡಿಪೋ ಒಂದರ ಟೈರ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಳೆದವನು ನಾನು. ಬೆಳಗ್ಗೆ ಬಸ್ಸು ಹೊರಡುವ ಮುಂಚೆ ಕಬ್ಬಿಣದ ಸರಳಿನಿಂದ ಚಕ್ರಕ್ಕೆ ಒಂದೇಟು ಹಾಕಿದರೆ ಸಾಕು, ಬಂದ ಸದ್ದಿನಲ್ಲೇ ಒಳಗೆ ಗಾಳಿ ಎಷ್ಟಿದೆ ಎಂದು ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ನಂಬದೆ ಮೀಟರ್ ಇಟ್ಟು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ ಮಾತ್ರ ಈ ಜಂಬಕ್ಕೆ ಸೊಪ್ಪು ಹಾಕುವುದಿಲ್ಲ.

ಇಂಥ ನಾನು ಹೋದ ವರ್ಷ ಗೌರಿ ಹಬ್ಬದ ಮುಂಚೆ ಒಂದು ಜೊತೆ ಸೈಕಲ್ ಟೈರು ಆರಿಸಲು ಮೂರು ವಾರ ಒದ್ದಾಡಿದೆ. ಆರಿಸಿದ ಮೇಲೂ ತಪ್ಪು ಮಾಡಿದೆ.

ಸೈಕಲ್ಲಿನ ಹುಚ್ಚು ನನಗೆ ನಲವತ್ತು ದಾಟಿದ ಮೇಲೆ ಹತ್ತಿದ್ದು. ಸಕ್ಕರೆ ಕಾಯಿಲೆ ಶುರುವಾಗುವ ಹಾಗಿದೆ, ಮೈ ಬಗ್ಗಿಸಿ ಎಂದು ಡಾಕ್ಟರು ಹೆದರಿಸಿದ್ದರು. ಮೊದಲು ನಮ್ಮೂರು ವಿಜಯಪುರದಿಂದ ಪಕ್ಕದ ದೇವನಹಳ್ಳಿಗೆ ಹೋಗಿ ಬರುತ್ತಿದ್ದೆ. ಆಮೇಲೆ ಕ್ಯಾರಿಯರ್‌ಗೆ ಎರಡು ಚೀಲ ತೂಗುಹಾಕಿ, ಬಟ್ಟೆ, ಸ್ಟವ್, ಚಾಪೆ ಎಲ್ಲ ಹೇರಿಕೊಂಡು ಎರಡು ಮೂರು ದಿನ ಊರೂರು ಸುತ್ತುವ ಚಟವಾಯಿತು. ಕೈಯಲ್ಲಿ ಬಸ್ ಪಾಸ್ ಇಟ್ಟುಕೊಂಡು ಬೆವರು ಸುರಿಸುವ ಮನುಷ್ಯ ಎಂದು ಡಿಪೋದಲ್ಲಿ ನಗುತ್ತಾರೆ. ನಗಲಿ.

ಆ ಸಲ ನಾನು ಹೊರಟಿದ್ದು ಊರು ಸುತ್ತುವುದಕ್ಕಲ್ಲ. ನೆಲಮಂಗಲದ ಹತ್ತಿರದ ಅರಿಶಿನಕುಂಟೆಯಲ್ಲಿರುವ ನನ್ನ ಅಕ್ಕನಿಗೆ ಬಾಗಿನ ಕೊಡುವುದಕ್ಕೆ. ಅವಳು ಅದನ್ನು ತೆಗೆದುಕೊಳ್ಳುತ್ತಾಳೋ, ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾಳೋ ಗೊತ್ತಿರಲಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳ ಮದುವೆಯಾದ ಮೇಲೆ ಪ್ರತಿ ಗೌರಿ ಹಬ್ಬಕ್ಕೂ ಅಪ್ಪನೇ ಸೈಕಲ್ಲಿನಲ್ಲಿ ಬಾಗಿನ ಒಯ್ಯುತ್ತಿದ್ದ. ಅಪ್ಪ ಹೋದ ಮೇಲೆ ನಾನು ಬಸ್ಸಿನಲ್ಲಿ ಒಯ್ದೆ. ಮೂರು ವರ್ಷದ ಹಿಂದೆ ಭಾವ ತೀರಿಕೊಂಡರು. ತಿಥಿಯ ದಿನ ಯಾರೋ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಇವಳಿಗೆ ಬಾಗಿನ ಗೀಗಿನ ಅಂತ ತರುವ ಹಾಗಿಲ್ಲಪ್ಪ ಎಂದರು. ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಹಬ್ಬದ ದಿನ ಬರಿಗೈಯಲ್ಲಿ ಅವಳ ಮುಂದೆ ಹೇಗೆ ನಿಲ್ಲುವುದು, ಅವಳ ಬರಿಗೈಯನ್ನು ಹೇಗೆ ನೋಡುವುದು ಎಂದು ನಾನೇ ಹೆದರಿ, ಆ ಮಾತನ್ನೇ ನೆಪ ಮಾಡಿಕೊಂಡು ಮನೆಯಲ್ಲಿ ಕೂತೆ. ಎರಡು ಹಬ್ಬ ಹೀಗೇ ಕಳೆದವು. ಫೋನು ಮಾಡಿ "ಹಬ್ಬ ಆಯ್ತಾ ಅಕ್ಕ" ಎನ್ನುತ್ತಿದ್ದೆ, ಅವಳು "ಆಯ್ತು" ಎನ್ನುತ್ತಿದ್ದಳು.

ಮೂರನೆಯ ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ ಅವಳೇ ಫೋನು ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ, "ಹಿತ್ತಲಲ್ಲಿ ಚಕ್ಕೋತ ಈ ಸಲ ಬಿಟ್ಟಿದ್ಯೇನೋ?" ಎಂದು ಕೇಳಿದಳು.

"ಬೇಕಾದಷ್ಟು ಬಿಟ್ಟಿದೆ ಅಕ್ಕ, ಕೊಂಬೆ ನೆಲಕ್ಕೆ ಬಗ್ಗಿದೆ."

"ಹೂಂ" ಎಂದು ಫೋನಿಟ್ಟಳು.

ಬಾಗಿನದ ಮೊರದ ಜೊತೆ ಎರಡು ಚಕ್ಕೋತ ಇಡುವುದು ನಮ್ಮ ಮನೆಯ ರೂಢಿ. ಅವಳು ಬಾಯಿಬಿಟ್ಟು ಕೇಳಲಾರದ್ದನ್ನು ಹಣ್ಣಿನ ನೆಪದಲ್ಲಿ ಕೇಳಿದ್ದಳು. ಅವತ್ತು ರಾತ್ರಿಯೇ ಹೆಂಡತಿಗೆ ಹೇಳಿದೆ. "ಅದಕ್ಕೇನ್ರೀ ಯೋಚ್ನೆ, ಹೋಗಿ ಕೊಟ್ಟು ಬನ್ನಿ. ಅವರು ನಮ್ಮನೆ ಹೆಣ್ಣುಮಗಳು. ಗಂಡ ಇಲ್ಲ ಅಂತ ತವರೂ ಇಲ್ವಾ?" ಎಂದಳು. ಬಳೆ ಇಡುವುದೋ ಬೇಡವೋ ಎಂದು ನಾನು ರಾಗ ಎಳೆದೆ. "ಇಡ್ತೀನಿ. ಹಾಕ್ಕೊಳ್ಳೋದು ಬಿಡೋದು ಅವರಿಷ್ಟ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಬಸ್ಸಿನಲ್ಲಿ ಹೋಗಬಹುದಿತ್ತು, ಪಾಸ್ ಇತ್ತು. ಆದರೆ ಪಾಸ್ ಇದ್ದೂ ಎರಡು ವರ್ಷ ಹೋಗದವನು ಈಗ ಅದೇ ಬಸ್ಸಿನಿಂದ ಇಳಿದು ಹಲ್ಲು ಕಿರಿಯಲು ಮನಸ್ಸಾಗಲಿಲ್ಲ. ಅಪ್ಪ ಹೋದ ಹಾಗೆ ಸೈಕಲ್ಲಿನಲ್ಲೇ ಹೋಗುತ್ತೇನೆ ಎಂದು ತೀರ್ಮಾನಿಸಿದೆ. ದಾರಿ ಅರವತ್ತು ಕಿಲೋಮೀಟರಿನ ಮೇಲೆ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಚಕ್ಕೋತ, ನನ್ನ ಬಟ್ಟೆ, ರಿಪೇರಿ ಸಾಮಾನು ಎಲ್ಲ ಸೇರಿ ಇಪ್ಪತ್ತೈದು ಕೆಜಿಗೆ ಕಡಿಮೆಯಿಲ್ಲ. ನನ್ನ ಸೈಕಲ್ಲಿನಲ್ಲಿ ಆಗ ಇದ್ದದ್ದು ಸಣ್ಣ, ನುಣುಪು ಟೈರು. ಖಾಲಿ ಸೈಕಲ್ಲಿಗೆ ಅದು ಚೆನ್ನ, ಕಾಲಿಗೆ ಭಾರವೇ ಗೊತ್ತಾಗುವುದಿಲ್ಲ. ಹಿಂದೆ ಇಷ್ಟು ಹೇರಿದರೆ ಒಂದು ಗುಂಡಿಗೆ ಬಿದ್ದ ಕೂಡಲೇ ರಿಮ್ಮು ನೆಲ ಮುಟ್ಟಿ ಟ್ಯೂಬ್ ಕಡಿದುಹೋಗುತ್ತದೆ.

ಹೀಗೆ ಹುಡುಕಾಟ ಶುರುವಾಯಿತು. ಬೆಂಗಳೂರಿನ ದೊಡ್ಡ ಸೈಕಲ್ ಅಂಗಡಿಗೆ ಎರಡು ಸಲ ಹೋದೆ. ಅಲ್ಲಿ ಟೈರುಗಳನ್ನು ಸೀರೆ ಅಂಗಡಿಯ ಹಾಗೆ ಒಂದೊಂದಾಗಿ ತೆಗೆದು ಹರಡಿದರು. ಉಬ್ಬು ಉಬ್ಬು ಇರುವ ದಪ್ಪ ಟೈರು ಮಣ್ಣಿನ ದಾರಿಗೆ ಒಳ್ಳೆಯದು, ಡಾಂಬರಿನ ಮೇಲೆ ಗುಂಯ್ ಎಂದು ಅರಚಿ ಜೀವ ತಿನ್ನುತ್ತದೆ. ಪೂರ್ತಿ ನುಣುಪಾದದ್ದು ಡಾಂಬರಿಗೆ ಸರಿ, ಮಳೆಯಲ್ಲಿ ಕೆಮ್ಮಣ್ಣಿಗೆ ಇಳಿದರೆ ಜಾರುತ್ತದೆ. ಒಳಗೆ ದಪ್ಪ ಪದರ ಕೊಟ್ಟ ಒಂದು ಟೈರನ್ನು ತೋರಿಸಿ, "ಇದಕ್ಕೆ ಪಂಕ್ಚರೇ ಆಗಲ್ಲ ಸಾರ್" ಎಂದರು. ನಮ್ಮ ಕಡೆಯ ಜಾಲಿ ಮುಳ್ಳನ್ನು ಅವರು ನೋಡಿಲ್ಲ ಪಾಪ. ಟೈರಿನ ಪಕ್ಕದ ಗೋಡೆಯನ್ನು ನಾನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಭಾರ ಹೊರುವ ಟೈರು ಸೋಲುವುದು ನೆಲಕ್ಕೆ ತಾಗುವ ಜಾಗದಲ್ಲಲ್ಲ, ಪಕ್ಕದಲ್ಲಿ. ಬಸ್ಸಿಗೂ ಅಷ್ಟೇ, ಸೈಕಲ್ಲಿಗೂ ಅಷ್ಟೇ. ಬೇಡದ್ದನ್ನೆಲ್ಲ ಬಿಟ್ಟು ಕೊನೆಗೆ ಎರಡು ಬಗೆ ಉಳಿದವು: ಗಟ್ಟಿಯಾಗಿ ಗಾಳಿ ಹಿಡಿಯುವ ಸಾಧಾರಣ ಅಗಲದ್ದು ಒಂದು, ಎರಡು ಇಂಚಿಗೆ ಸ್ವಲ್ಪ ಕಡಿಮೆ ಇರುವ ದಪ್ಪದ್ದು ಇನ್ನೊಂದು. ನನ್ನ ಒಲವೆಲ್ಲ ಮೊದಲನೆಯದರ ಕಡೆಗಿತ್ತು. ಎರಡನ್ನೂ ಫೋಟೋ ತೆಗೆದುಕೊಂಡು ವಾಪಸ್ ಬಂದೆ.

ನಮ್ಮೂರ ಬಸ್ ನಿಲ್ದಾಣದ ಹಿಂದೆ ಒಂದು ಪಂಕ್ಚರ್ ಅಂಗಡಿಯಿದೆ. ಅಂಗಡಿಯವರು ರೇಷ್ಮೆ ಗೂಡಿನ ಮೂಟೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಸೈಕಲ್ಲುಗಳಿಗೆ ತೇಪೆ ಹಾಕುತ್ತಲೇ ಮುದುಕರಾದವರು. ಅವರಿಗೆ ಫೋಟೋ ತೋರಿಸಿದೆ. ಬುದ್ಧಿ ಕೇಳಲು ಅಲ್ಲ, ನನ್ನ ಆಯ್ಕೆಗೆ ಭೇಷ್ ಅನ್ನಿಸಿಕೊಳ್ಳಲು.

"ಏನ್ ಸಾಮಾನ್ ಹಾಕ್ಕೊಂಡ್ ಹೋಯ್ತೀರಾ ಸಾರ್?" ಎಂದರು.

"ಇಪ್ಪತ್ತೈದು ಕೆಜಿ ಆಗ್ಬೋದು."

"ತೂಕ ಕೇಳ್ಲಿಲ್ಲ ನಾನು. ಸಾಮಾನ್ ಏನು ಅಂತ ಕೇಳ್ದೆ. ಸಿಮೆಂಟ್ ಆದ್ರೆ ಒಂಥರ, ಮೊಟ್ಟೆ ಆದ್ರೆ ಒಂಥರ."

ಗಂಡನಿಲ್ಲದ ಅಕ್ಕನಿಗೆ ಬಳೆ ಇಟ್ಟ ಬಾಗಿನ ಎಂದು ಪೇಟೆಯ ನಡುವೆ ನಿಂತು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ನಾಳೆ ಊರೆಲ್ಲ ಅದೇ ಮಾತಾಗುತ್ತದೆ ಎಂದು ಹೆದರಿ, "ಬಟ್ಟೆಬರೆ, ಅಷ್ಟೇ" ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು.

"ಏನಾದ್ರೂ ಆಗ್ಲಿ, ದಪ್ಪದ್ದೇ ಹಾಕ್ಕಳಿ. ಗಾಳಿ ಕಮ್ಮಿ ಮಾಡುದ್ರೂ ಭಾರ ತಡೀತದೆ. ಸಣ್ಣದಕ್ಕೆ ಆ ತಾಳ್ಮೆ ಇಲ್ಲ. ಟ್ಯೂಬೂ ಹಳೇ ವಾಲ್ವಿಂದೇ ಹಾಕ್ಕೊಡ್ತೀನಿ, ಯಾವ ಹಳ್ಳಿ ಮನೇಲಾದ್ರೂ ಅದ್ರ ಪಂಪ್ ಸಿಗ್ತದೆ."

ಈ ಮಾತು ನನಗೂ ಸರಿ ಎನ್ನಿಸಿತು. ದಪ್ಪದ್ದನ್ನೇ ಕೊಂಡೆ. ಮಡ್‌ಗಾರ್ಡ್ ಬಿಚ್ಚಬೇಕಾಯಿತು, ಆದರೂ ಚಕ್ರ ಹಿಡಿಯುವ ಫೋರ್ಕಿಗೂ ಟೈರಿಗೂ ನಡುವೆ ಕಿರುಬೆರಳು ಆಡುವಷ್ಟು ಜಾಗ ಉಳಿಯಿತು. ಆಯ್ಕೆಯಲ್ಲಿ ತಪ್ಪಿರಲಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ತಪ್ಪಿದ್ದು ಆಮೇಲೆ. ಹಬ್ಬದ ಹಿಂದಿನ ದಿನ ಬೆಳಗ್ಗೆ, ಡಿಪೋದ ಇಪ್ಪತ್ತಾರು ವರ್ಷ ನನ್ನ ಕೈಯಲ್ಲಿ ಬಂದು ಕೂತಿತು. ಭಾರ ಇದ್ದರೆ ಗಾಳಿ ಗಟ್ಟಿ ಇರಬೇಕು, ಇದು ನಮ್ಮಲ್ಲಿ ಕಾನೂನು. ಗಾಳಿ ಕಡಿಮೆಯಾದ ಟೈರು ಭಾರಕ್ಕೆ ಕಾದು ಸಿಡಿಯುತ್ತದೆ, ಬಸ್ಸು ನಿಲ್ಲುತ್ತದೆ, ಬೈಗುಳ ನಮಗೆ. ಬಸ್ಸಿನೊಳಗೆ ಕೂತವರ ಸೊಂಟ ಏನಾಯಿತು ಎಂದು ಟೈರ್ ವಿಭಾಗದವರು ಯೋಚಿಸುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ಗಾಳಿಯ ಮೇಲಿನ ಮಿತಿ ಮುಟ್ಟುವವರೆಗೂ ಪಂಪ್ ಹೊಡೆದೆ. ಬೆರಳಿನಿಂದ ಬಡಿದರೆ ಟಣ್ ಎಂದಿತು. ಖುಷಿಯಾಯಿತು.

ಹೆಂಡತಿ ಎರಡು ಮೊರಗಳನ್ನು ಮುಖಕ್ಕೆ ಮುಖ ಕೂಡಿಸಿ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಕನ್ನಡಿ, ಬಾಚಣಿಗೆ, ಒಂದು ಡಜನ್ ಹಸಿರು ಗಾಜಿನ ಬಳೆ ಇಟ್ಟು, ಹಳೆಯ ಸೀರೆಯಿಂದ ಬಿಗಿದು ಕ್ಯಾರಿಯರ್ ಮೇಲೆ ಕಟ್ಟಿದಳು. ಚಕ್ಕೋತ ಪಕ್ಕದ ಚೀಲಕ್ಕೆ ಹೋಯಿತು. "ನಿಧಾನವಾಗಿ ಹೋಗಿ, ಬಳೆ ಇದೆ" ಎಂದಳು. ಟೈರಿನ ವಿಷಯ ನನಗೆ ಬಿಡು ಎಂದೆ.

ದೇವನಹಳ್ಳಿಯ ಮೇಲೆ ಹೋದರೆ ಏರ್‌ಪೋರ್ಟಿಗೆ ಓಡುವ ಕಾರುಗಳ ಕಾಟ. ಒಳದಾರಿ ಹಿಡಿದು ರಾಜಘಟ್ಟದ ಕಡೆ ಹೊರಟೆ. ಮೋಡ ಮುಚ್ಚಿತ್ತು, ರಾಗಿ ಹೊಲಗಳು ಹಸಿರಾಗಿದ್ದವು, ದ್ರಾಕ್ಷಿ ತೋಟದ ಬೇಲಿಯ ಬುಡದಲ್ಲಿ ಉದುರಿದ ಜಾಲಿ ಮುಳ್ಳಿನ ಮೇಲೆ ಸೈಕಲ್ಲು ಏನೂ ಆಗದ ಹಾಗೆ ಹಾದುಹೋಯಿತು. ನನ್ನ ಟೈರಿನ ಬಗ್ಗೆ ನನಗೇ ಹೆಮ್ಮೆ. ರಾಜಘಟ್ಟದ ಹತ್ತಿರ ಪೈಪಿಗಾಗಿ ರಸ್ತೆ ಅಗೆದು ಜಲ್ಲಿ ಸುರಿದು ಹಾಗೇ ಬಿಟ್ಟಿದ್ದರು. ಆ ಜಲ್ಲಿಯ ಮೇಲೆ ಸೈಕಲ್ಲು ಕುಣಿಯಿತು. ಪ್ರತಿ ಕಲ್ಲೂ ನೇರವಾಗಿ ನನ್ನ ಬೆನ್ನಿಗೆ ಬಂದು ತಾಗುತ್ತಿತ್ತು. ಅದು ಮುಗಿದು ಮತ್ತೆ ಡಾಂಬರು ಸಿಕ್ಕಾಗ ಹಿಂದಿನಿಂದ ಒಂದು ಹೊಸ ಸದ್ದು ಕೇಳಿಸಿತು. ಒಡೆಯದ ಬಳೆಗಳು ಒಂದಕ್ಕೊಂದು ತಾಗುವ ಸದ್ದಲ್ಲ. ಸದ್ದಿನಿಂದ ಟೈರು ಅಳೆಯುವವನ ಕಿವಿಗೆ ಅದು ಏನು ಎಂದು ತಿಳಿಯಲು ಎರಡನೆಯ ಸಲ ಕೇಳಬೇಕಾಗಲಿಲ್ಲ.

ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿ ಗಂಟು ಬಿಚ್ಚಿದೆ. ತೆಂಗಿನಕಾಯಿ ಕುಣಿದು ಕುಣಿದು ಬಳೆಯ ಮೇಲೆ ಬಿದ್ದಿತ್ತು. ಹನ್ನೆರಡರಲ್ಲಿ ಐದು ಚೂರಾಗಿದ್ದವು. ಭಾವ ತೀರಿಕೊಂಡಾಗ ಅಕ್ಕನ ಕೈಯ ಬಳೆ ಒಡೆಯುವ ಹೊತ್ತಿಗೆ ನಾನು ಬಾಗಿಲಾಚೆ ನಿಂತಿದ್ದೆ. ಆ ಸದ್ದನ್ನು ಮರೆಯಲು ಎರಡು ವರ್ಷ ಅವಳ ಮನೆಯ ದಾರಿಯನ್ನೇ ಬಿಟ್ಟವನು, ಈಗ ಒಡೆದ ಬಳೆಯನ್ನು ನಾನೇ ಹೊತ್ತು ಅವಳ ಹೊಸಿಲಿಗೆ ಹೊರಟಿದ್ದೆ. ವಾಪಸ್ ಹೋಗಿಬಿಡೋಣ ಎನ್ನಿಸಿತು. ಸೈಕಲ್ಲನ್ನು ತಿರುಗಿಸಿಯೂ ನಿಲ್ಲಿಸಿದೆ.

ಹಾಗೆ ನಿಂತಾಗ ಅಪ್ಪ ನೆನಪಾದ. ಬಾಗಿನ ಕಟ್ಟಿದ ಮೇಲೆ ಅಪ್ಪ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ವಾಲ್ವಿನ ನಟ್ಟನ್ನು ಎರಡು ಬೆರಳಿನಲ್ಲಿ ತಿರುಗಿಸಿ ಸುಯ್ ಎಂದು ಒಂದಿಷ್ಟು ಗಾಳಿ ಬಿಡುತ್ತಿದ್ದ. ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ, ಮತ್ತೆ ಬಿಡುತ್ತಿದ್ದ. ಚಿಕ್ಕವನಿದ್ದಾಗ ಯಾಕಪ್ಪ ಎಂದು ಕೇಳಿದರೆ, "ಅಕ್ಕನ ಮನೆಗೆ ಮೆತ್ತಗೆ ಹೋಗ್ಬೇಕು ಕಣ್ಲಾ" ಎನ್ನುತ್ತಿದ್ದ. ಡಿಪೋಗೆ ಸೇರಿದ ಮೊದಲ ವರ್ಷ ನನಗೆ ಅದನ್ನು ನೋಡಿ ಮೈ ಉರಿಯಿತು. "ಭಾರ ಹಾಕಿ ಯಾರಾದ್ರೂ ಗಾಳಿ ತೆಗೀತಾರೇನಪ್ಪಾ?" ಎಂದು ರೇಗಿದ್ದೆ. ಅಪ್ಪ ಕಾಫಿ ಕುಡಿಯಲು ಒಳಗೆ ಹೋದಾಗ ಪಂಪ್ ತಂದು ಮತ್ತೆ ಗಟ್ಟಿಯಾಗಿ ಹೊಡೆದೂ ಇಟ್ಟಿದ್ದೆ. ಮಾರನೆಯ ದಿನ ಅಪ್ಪ ವಾಪಸ್ ಬಂದ. ಏನೂ ಹೇಳಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಹೊಂಗೆ ಮರದ ಕೆಳಗೆ ಕೂತು ವಾಲ್ವಿನ ನಟ್ಟು ಸಡಿಲಿಸಿದೆ. ಹಿಂದಿನ ಚಕ್ರ, ಆಮೇಲೆ ಮುಂದಿನದು. ಹೆಬ್ಬೆರಳು ಸ್ವಲ್ಪ ಇಳಿಯುವವರೆಗೂ ಬಿಟ್ಟೆ. ದಪ್ಪ ಟೈರು ಒಂದಿಷ್ಟು ಹರಡಿಕೊಂಡಿತು, ಆದರೆ ರಿಮ್ಮನ್ನು ಕೆಳಗೆ ಬಿಡಲಿಲ್ಲ. ಸೈಕಲ್ಲನ್ನು ಮತ್ತೆ ಅರಿಶಿನಕುಂಟೆಯ ಕಡೆ ತಿರುಗಿಸಿದೆ.

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಬಳೆ ಅಂಗಡಿಗೆ ಹೋದೆ. "ಅಳತೆ ಎಷ್ಟಣ್ಣ?" ಎಂದು ಅಂಗಡಿಯಾಕೆ ಕೇಳಿದರು. ನನ್ನ ಸ್ವಂತ ಅಕ್ಕನ ಕೈಯ ಅಳತೆ ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು. ಉಳಿದ ಬಳೆಯೊಂದನ್ನು ಕೊಟ್ಟೆ, ಅದಕ್ಕೆ ಹೊಂದುವ ಐದನ್ನು ಹುಡುಕಿಕೊಟ್ಟರು. ಈ ಸಲ ಬಳೆಯನ್ನು ನನ್ನ ಅಂಗಿಯಲ್ಲಿ ಸುತ್ತಿ ಅಕ್ಕಿಯ ಮೇಲೆ ಮಲಗಿಸಿ, ತೆಂಗಿನಕಾಯಿಯನ್ನು ಚಕ್ಕೋತದ ಜೊತೆಗೆ ಗಡೀಪಾರು ಮಾಡಿದೆ. ಅಲ್ಲಿಂದ ನೆಲಮಂಗಲದವರೆಗೆ ಮೆತ್ತಗೆ, ಲಾರಿಗಳಿಗೆಲ್ಲ ದಾರಿ ಬಿಟ್ಟು ತುಳಿದೆ. ಕಾಲಿಗೆ ಭಾರವಾಯಿತು. ಹಿಂದಿನಿಂದ ಸದ್ದೇ ಬರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅಕ್ಕನ ಮನೆ ತಲುಪಿದೆ. ಅವಳ ಮಗ, ಸೊಸೆ ಇಬ್ಬರೂ ಫ್ಯಾಕ್ಟರಿಗೆ ಹೋಗಿದ್ದರು. ಅಕ್ಕ ಬಾಗಿಲಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿದಳು, ಕ್ಯಾರಿಯರ್ ಮೇಲಿನ ಗಂಟು ನೋಡಿದಳು, ಎದ್ದು ನಿಂತಳು.

"ಪಾಸ್ ಇಟ್ಕೊಂಡು ಎರಡು ವರ್ಷ ಬರ್ದೇ ಇದ್ದೋನು, ಈಗ ಸೈಕಲ್ ತುಳ್ಕೊಂಡು ಬಂದ್ಯೇನೋ?" ಎಂದಳು. ದನಿ ಗಡುಸಾಗಿತ್ತು. ಆಮೇಲೆ ಅಳು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಾಗಿನ ತರ್ದಿದ್ರೆ ಬ್ಯಾಡ ಕಣೋ, ನೀನಾದ್ರೂ ಬರ್ಬಾರ್ದಿತ್ತಾ?"

"ತಪ್ಪಾಯ್ತು ಅಕ್ಕ, ಹೆದರ್ಕೊಂಡ್‌ಬಿಟ್ಟೆ" ಎಂದೆ.

ಒಳಗೆ ಹೋಗಿ ಗೌರಿ ಕೂರಿಸಲು ಸಾರಿಸಿದ್ದ ಜಾಗದ ಮುಂದೆ ಮೊರ ಇಟ್ಟು ಕಾಲಿಗೆ ಬಿದ್ದೆ. ಅವಳು ಸೆರಗು ಮುಂದೆ ಮಾಡಿ ಮೊರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಂದೊಂದೇ ತೆಗೆದು ನೋಡಿದಳು. ಬಳೆಗಳನ್ನು ಎಣಿಸಿ ಪಕ್ಕಕ್ಕಿಟ್ಟಳು. ಆಮೇಲೆ ಅಕ್ಕಿಯನ್ನು ಕೈಯಲ್ಲಿ ಕೆದಕಿದವಳು ಏನನ್ನೋ ಎತ್ತಿ ಹಿಡಿದಳು. ನಾನು ಎಷ್ಟು ಹುಡುಕಿದರೂ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಹಸಿರು ಚೂರು.

ಅಕ್ಕ ನಕ್ಕಳು. "ಗಾಳಿ ಗಟ್ಟಿಗ್ ಹೊಡ್ದಿದ್ಯಾ?"

"ನಿನಗೆ ಹೆಂಗ್ ಗೊತ್ತಾಯ್ತು?"

"ಅಪ್ಪನೂ ಒಂದ್ ವರ್ಷ ಹಿಂಗೇ ತಂದಿದ್ದ. ಒಂದ್ ಬಳೆನೂ ಉಳ್ದಿರ್ಲಿಲ್ಲ, ಎಲ್ಲ ಪುಡಿ. ದಾರೀಲಿ ಬಿದ್ದೆ ಕಣವ್ವ ಅಂದ. ನಿಮ್ಮ ಭಾವನೇ ಸಂಜೆ ನೆಲಮಂಗಲಕ್ಕೆ ಹೋಗಿ ಬೇರೆ ಬಳೆ ತಂದ್ರು."

ನಾನು ತಲೆ ತಗ್ಗಿಸಿದೆ. "ಅಪ್ಪ ಬಿದ್ದಿರ್ಲಿಲ್ಲ ಅಕ್ಕ. ಆ ಗಾಳಿ ಹೊಡ್ದೋನು ನಾನು."

"ಗೊತ್ತು. ಆಮೇಲೆ ಅಪ್ಪ ನಿಮ್ಮ ಭಾವನ ಹತ್ರ ನಿಜ ಹೇಳಿದ್ನಂತೆ. ಊರಾಚೆ ಬರ್ತಿದ್ದಂಗೇ ಕುಲುಕಾಟಕ್ಕೆ ಗೊತ್ತಾಯ್ತಂತೆ. ಇಳ್ದು ವಾಲ್ವಿಗೆ ಕೈನೂ ಹಾಕಿದ್ನಂತೆ. ಮಗನಿಗೆ ಈಗ ತಾನೇ ಟೈರಿನ ಕೆಲಸ ಸಿಕ್ಕಿದೆ, ಅವನು ಆಸೆಯಿಂದ ಹೊಡ್ದಿರೋ ಗಾಳಿ, ತೆಗೆಯೋಕೆ ಮನಸ್ಸು ಬರ್ಲಿಲ್ಲ ಅಂದ್ನಂತೆ."

ಅವಳು ಅದನ್ನು ಹೇಳಿ ಕಾಫಿಗೆ ನೀರಿಡಲು ಎದ್ದು ಹೋದಳು. ನಾನು ಮೊರದ ಮುಂದೆ ಕೂತೇ ಇದ್ದೆ. ಅಷ್ಟು ದೂರದ ದಾರಿ, ಹಿಂದಿನಿಂದ ಬಳೆ ಒಡೆಯುವ ಸದ್ದು ಕೇಳುತ್ತಲೇ ಅಪ್ಪ ತುಳಿದಿರಬೇಕು. ನನಗೆ ಅಳು ತಡೆಯಲಾಗಲಿಲ್ಲ.

ಮಾರನೆಯ ದಿನ ಬೆಳಗ್ಗೆ ಹೊರಡುವಾಗ ಅಕ್ಕ ಒಳಗಿನಿಂದ ಒಂದು ಹಳೆಯ ಪಂಪ್ ತಂದಳು. ಭಾವನದು. ಅಪ್ಪ ವಾಪಸ್ ಹೋಗುವಾಗ ಪ್ರತಿ ಸಲವೂ ಭಾವನೇ ಗಾಳಿ ತುಂಬಿಸಿ ಕಳಿಸುತ್ತಿದ್ದರಂತೆ. ನಾನು ಹೊಡೆಯುತ್ತೇನೆ ಕೊಡು ಎಂದರೂ ಬಿಡಲಿಲ್ಲ. ಹಳೆಯ ವಾಲ್ವಿಗೆ ಪಂಪಿನ ಬಾಯಿ ಸರಿಯಾಗಿ ಕೂತಿತು. ಪಂಪನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಿಂದ ಬಗ್ಗಿ ಬಗ್ಗಿ ಹೊಡೆದಳು. ಹೊಡೆತ ಹೊಡೆತಕ್ಕೂ ಅವಳ ಕೈಯಲ್ಲಿ ಹಸಿರು ಬಳೆಗಳು ಸದ್ದು ಮಾಡಿದವು.

"ಸಾಕು ಅಕ್ಕ, ಜಾಸ್ತಿ ಆಯ್ತು."

"ಸುಮ್ನಿರು. ಹೋಗೋವಾಗ ಗಟ್ಟಿಗಿರ್ಲಿ. ಬರೋ ವರ್ಷ ಬರೋವಾಗ ನೀನೇ ಬಿಟ್ಕೊಂಡ್ ಬಾ."

ತಿರುವಿನಲ್ಲಿ ಇಳಿದು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕಲ್ಲಿನ ಹಾಗೆ ಇತ್ತು, ಖಾಲಿ ಸೈಕಲ್ಲಿಗೆ ಬೇಕಾದ್ದಕ್ಕಿಂತ ತುಂಬಾ ಹೆಚ್ಚು. ರಾಜಘಟ್ಟದ ಜಲ್ಲಿ ಮತ್ತೆ ನನ್ನ ಬೆನ್ನು ಮುರಿಯಿತು. ವಿಜಯಪುರ ಸೇರುವ ತನಕ ಒಂದು ಚೂರೂ ಗಾಳಿ ತೆಗೆಯಲಿಲ್ಲ.